ಯಾರ ಕಡೆಯ ಏಜೆಂಟರು?

ಸಾಗರ, ಅಕ್ಟೋಬರ್ 5, 2025, ಭಾನುವಾರ

ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಮಧ್ಯಾಹ್ನ ಊಟಕ್ಕೆ ಕೂರುವಷ್ಟರಲ್ಲಿ ಮತ್ತೊಂದು ಫೋನು: "ಮೇಡಂ, ಜಿಎಸ್‌ಟಿ ತೆಗೆದಿದ್ದಾರೆ, ಈಗಲೇ ಪಾಲಿಸಿ ಮಾಡಿಸಿಬಿಡಿ." ವೈಯಕ್ತಿಕ ಜೀವವಿಮೆ ಮತ್ತು ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ 18ರ ತೆರಿಗೆಯನ್ನು ಸೆಪ್ಟೆಂಬರ್ 22ರಿಂದ ತೆಗೆದಿರುವುದು ನಿಜ. ಅಂದಿನಿಂದ ವಿಮೆ ಮಾರುವವರ ಓಡಾಟ ಜೋರಾಗಿದೆ.

ನಮಗೂ ಬೇಕಾಗಿಯೇ ಇದೆ. ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಅವನಿಗೊಂದು ಟರ್ಮ್ ಪಾಲಿಸಿ ಮಾಡಿಸಬೇಕು. ನನಗೂ ಯಜಮಾನರಿಗೂ ಆರೋಗ್ಯ ವಿಮೆ ಬೇಕು. ಇವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಇನ್ನು ಮುಂದೂಡುವುದು ಸರಿಯಲ್ಲ.

ಆದರೆ ಭಾವನ ಮನೆಯಲ್ಲಿ ಆದದ್ದು ಕಣ್ಣೆದುರಿಗಿದೆ. ಜುಲೈಯಲ್ಲಿ ಆಸ್ಪತ್ರೆ ಸೇರಿದವರು ಲಕ್ಷಗಟ್ಟಲೆ ಬಿಲ್ಲು ಕಟ್ಟಿ ಮನೆಗೆ ಬಂದರು. ಹೋದ ತಿಂಗಳು ಕಂಪನಿಯಿಂದ ಕಾಗದ ಬಂತು: ಪಾಲಿಸಿ ಮಾಡಿಸುವಾಗ ರಕ್ತದೊತ್ತಡ ಇದ್ದದ್ದನ್ನು ತಿಳಿಸಿಲ್ಲ, ಆದ್ದರಿಂದ ಕ್ಲೇಮ್ ಕೊಡಲಾಗುವುದಿಲ್ಲ. ಭಾವ ಹೇಳಿದ್ದರಂತೆ. "ಬಿಪಿ ಯಾರಿಗಿಲ್ಲ, ಅದನ್ನೆಲ್ಲ ಬರೆಯೋದು ಬೇಡ ರಾಯರೇ" ಎಂದು ಏಜೆಂಟನೇ ಫಾರಂ ತುಂಬಿ, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದನಂತೆ. ಈಗ ಅವನು ಆ ಕಂಪನಿಯಲ್ಲೇ ಇಲ್ಲ.

ಎಲ್ಲರೂ ಯಾವ ಪಾಲಿಸಿ ಒಳ್ಳೆಯದೆಂದು ಕೇಳುತ್ತಾರೆ. ನಾನು ಮೊದಲು ಮಾರುವವರ ಬಗ್ಗೆ ತಿಳಿಯಬೇಕೆಂದಿದ್ದೇನೆ. ಅವರಿಗೆ ಮಾರುವ ಅಧಿಕಾರ ಕೊಟ್ಟವರು ಯಾರು, ಅವರು ಏನು ಓದಿದ್ದಾರೆ, ಯಾರಿಗೆ ಉತ್ತರ ಹೇಳಬೇಕಾದವರು? ತಿಳಿದದ್ದನ್ನೆಲ್ಲ ಇಲ್ಲಿ ಬರೆದಿಡುತ್ತೇನೆ.

ಅಕ್ಟೋಬರ್ 9, ಗುರುವಾರ

ಪಕ್ಕದ ಮನೆಯ ಹುಡುಗಿ ಬಿ.ಕಾಂ. ಮುಗಿಸಿ ವಿಮಾ ಏಜೆಂಟ್ ಆಗಲು ಪರೀಕ್ಷೆಗೆ ಓದುತ್ತಿದ್ದಾಳೆ. ಸಂಜೆ ಅವಳ ಪುಸ್ತಕ ಇಸಿದುಕೊಂಡು ಬಂದೆ. ಐಸಿ-38 ಎಂದು ಅದರ ಹೆಸರು. ಕನ್ನಡದಲ್ಲೂ ಇದೆ.

ಅವಳು ವಿವರಿಸಿದ್ದು ಹೀಗೆ. ಹತ್ತನೇ ತರಗತಿ ಪಾಸಾಗಿರಬೇಕು. ಕಂಪನಿ 25 ಗಂಟೆಗಳ ತರಬೇತಿ ಕೊಡುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದು ಗಂಟೆಯ ಪರೀಕ್ಷೆ: 50 ಪ್ರಶ್ನೆ, ಶೇ 35 ಬಂದರೆ ಪಾಸು. ಪಾಸಾದವರಿಗೆ ಕಂಪನಿ ನೇಮಕಾತಿ ಪತ್ರವನ್ನೂ ಗುರುತಿನ ಚೀಟಿಯನ್ನೂ ಕೊಡುತ್ತದೆ. ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರವೇ ಲೈಸೆನ್ಸ್ ಕೊಡುತ್ತಿತ್ತು. 2015ರಲ್ಲಿ ಕಾನೂನು ತಿದ್ದುಪಡಿಯಾಗಿ, 2016ರ ನಿಯಮಗಳು ಜಾರಿಗೆ ಬಂದ ಮೇಲೆ ನೇಮಕ ಕಂಪನಿಯ ಕೈಗೆ ಬಂತು. ನಿಯಮ ಮಾಡುವುದು, ತಪ್ಪಿದವರನ್ನು ವಿಚಾರಿಸುವುದು ಪ್ರಾಧಿಕಾರದ ಕೆಲಸ. "ನಾನು ಸರ್ಕಾರಿ ಲೈಸೆನ್ಸ್ ಇರುವವನು" ಎಂದು ಈಗಲೂ ಹೇಳುವವರಿದ್ದಾರೆ. ಅವರ ಕೈಯಲ್ಲಿರುವುದು ಕಂಪನಿ ಕೊಟ್ಟ ನೇಮಕಾತಿ.

ಒಬ್ಬ ಏಜೆಂಟ್ ಒಂದು ಜೀವವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಆರೋಗ್ಯ ವಿಮೆಯನ್ನಷ್ಟೇ ಮಾಡುವ ಒಂದು ಕಂಪನಿ, ಹೀಗೆ ಪ್ರತಿ ಬಗೆಯಲ್ಲೂ ಒಂದಕ್ಕೆ ಮಾತ್ರ ಕೆಲಸ ಮಾಡಬಹುದು. ಹಾಗಿದ್ದ ಮೇಲೆ "ಮಾರುಕಟ್ಟೆಯ ಎಲ್ಲ ಪಾಲಿಸಿ ಹೋಲಿಸಿ ನಿಮಗೆ ಒಳ್ಳೆಯದನ್ನು ಕೊಡುತ್ತೇನೆ" ಎಂದು ಏಜೆಂಟ್ ಹೇಳಿದರೆ ಅದು ಅವನಿಂದಾಗುವ ಮಾತಲ್ಲ. ಅವನ ಚೀಲದಲ್ಲಿರುವುದು ಒಂದೇ ಕಂಪನಿಯ ಜೀವವಿಮೆ.

ನೇಮಕಾತಿ ಪತ್ರ ಬೇಕೇ ಬೇಕು, ಅದಿಲ್ಲದವರ ಹತ್ತಿರ ಮಾತೇ ಬೇಡ. ಆದರೆ ಅದು ಬಾಗಿಲು ದಾಟಲು ಸಿಕ್ಕ ಅನುಮತಿ ಅಷ್ಟೆ. ಅಲ್ಲಿಂದ ಮುಂದೆ ಎಷ್ಟು ಕಲಿತರು ಎನ್ನುವುದನ್ನು ನಾವೇ ಕೇಳಿ ತಿಳಿಯಬೇಕು. ಹುಡುಗಿ ಮಾತ್ರ ಪ್ರತಿ ಅಧ್ಯಾಯಕ್ಕೂ ನೋಟ್ಸ್ ಮಾಡಿಕೊಂಡಿದ್ದಾಳೆ, ಶೇ 35ಕ್ಕೆ ಓದುತ್ತಿರುವವಳಲ್ಲ. ಅವಳಿಗೆ ಒಳ್ಳೆಯದಾಗಲಿ.

ಅಕ್ಟೋಬರ್ 13, ಸೋಮವಾರ

ಇವರ ಸ್ನೇಹಿತರೊಬ್ಬರು ಕಳಿಸಿದ ಏಜೆಂಟರು ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ವಿಸಿಟಿಂಗ್ ಕಾರ್ಡು. ಹೆಸರಿನ ಕೆಳಗೆ ಸಾಲುಸಾಲು ಬಿರುದು: ಎಂಡಿಆರ್‌ಟಿ, ಚೇರ್ಮನ್ಸ್ ಕ್ಲಬ್ ಸದಸ್ಯರು, ಹಿರಿಯ ವಿಮಾ ಸಲಹೆಗಾರರು. ಇವರು ಕಾರ್ಡನ್ನು ತಿರುವಿ ತಿರುವಿ ನೋಡಿ, "ಭಾರಿ ಓದಿದವರು ಕಾಣುತ್ತೆ" ಎಂದರು.

ಅವರು ಹೋದ ಮೇಲೆ ಮಗನಿಗೆ ಫೋನ್ ಮಾಡಿ ಒಂದೊಂದನ್ನೂ ಹುಡುಕಿಸಿದೆ. ಎಂಡಿಆರ್‌ಟಿ ಎಂದರೆ ಮಿಲಿಯನ್ ಡಾಲರ್ ರೌಂಡ್ ಟೇಬಲ್. 1927ರಲ್ಲಿ ಅಮೆರಿಕದಲ್ಲಿ ಶುರುವಾದ ವಿಮಾ ಮಾರಾಟಗಾರರ ಸಂಘ. ವರ್ಷದಲ್ಲಿ ಇಂತಿಷ್ಟು ಪ್ರೀಮಿಯಂ, ಕಮಿಷನ್ ಅಥವಾ ಆದಾಯ ಆದರೆ ಸದಸ್ಯತ್ವ ಸಿಗುತ್ತದೆ. ಮುಂದಿನ ವರ್ಷಕ್ಕೆ ಮತ್ತೆ ಅಷ್ಟು ವ್ಯವಹಾರ ಮಾಡಬೇಕು. ಚೇರ್ಮನ್, ವಲಯ ವ್ಯವಸ್ಥಾಪಕ, ವಿಭಾಗೀಯ ವ್ಯವಸ್ಥಾಪಕರ ಹೆಸರಿನ ಕ್ಲಬ್ಬುಗಳು ಎಲ್‌ಐಸಿ ತನ್ನ ಏಜೆಂಟರಿಗೆ ಮಾಡಿದ ಶ್ರೇಣಿಗಳು. ಅವೂ ವ್ಯವಹಾರದ ಮೇಲೆಯೇ ಸಿಗುವಂಥವು. ಇವುಗಳಲ್ಲಿ ಯಾವುದಕ್ಕೂ ಪರೀಕ್ಷೆ ಬರೆಯಬೇಕಾಗಿಲ್ಲ.

ಹಾಗೆಂದು ಅವಕ್ಕೆ ಬೆಲೆಯಿಲ್ಲ ಎನ್ನಲಾರೆ. ವರ್ಷವರ್ಷವೂ ಅಷ್ಟು ಜನರನ್ನು ಕಂಡು ವ್ಯವಹಾರ ಮಾಡಿದವರು ಈ ಕೆಲಸವನ್ನೇ ನಂಬಿ ಬದುಕಿದವರು. ನಾಳೆ ಬಿಟ್ಟು ಇನ್ನೊಂದಕ್ಕೆ ಹೋಗುವ ಸಂಭವ ಕಡಿಮೆ. ಭಾವನ ಏಜೆಂಟನಂತೆ ಮಾಯವಾಗದೆ ಇರುವುದೂ ದೊಡ್ಡ ಗುಣವೇ. ಆದರೆ ಎಷ್ಟು ಮಾರಿದರು ಎಂಬುದು ಎಷ್ಟು ತಿಳಿದಿದ್ದಾರೆ ಎಂಬುದಕ್ಕೆ ಸಾಕ್ಷಿಯಲ್ಲ.

ಓದಿಗೆ ಸಾಕ್ಷಿ ಬೇರೆ ಇದೆ. ಮುಂಬಯಿಯಲ್ಲಿ 1955ರಿಂದ ಇರುವ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಎಂಬ ಸಂಸ್ಥೆ ಮೂರು ಹಂತದ ಪರೀಕ್ಷೆ ನಡೆಸುತ್ತದೆ: ಲೈಸೆನ್ಷಿಯೇಟ್, ಅಸೋಸಿಯೇಟ್, ಫೆಲೋ. ವಿಷಯವಿಷಯವಾಗಿ ಓದಿ ಪಾಸು ಮಾಡಬೇಕು. ಏಜೆಂಟರಿಗೆ ಇದು ಕಡ್ಡಾಯವಲ್ಲ. ಕಡ್ಡಾಯವಲ್ಲದ್ದನ್ನು ದುಡ್ಡು ಕೊಟ್ಟು, ನಿದ್ದೆಗೆಟ್ಟು ಓದಿದವರೆಂದರೆ ನನಗೆ ಗೌರವ. "ಹಿರಿಯ ಸಲಹೆಗಾರರು" ಎನ್ನುವುದಕ್ಕೆ ಮಾತ್ರ ಯಾವ ಪರೀಕ್ಷೆಯೂ ಇಲ್ಲ, ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

ಹೊರಡುವಾಗ ಅವರು ಮೆಲ್ಲಗೆ ಇನ್ನೊಂದು ಮಾತು ಹೇಳಿದರು: ಮೊದಲ ಕಂತಿನಲ್ಲಿ ಸ್ವಲ್ಪ ಭಾಗವನ್ನು ತಾವೇ ಕಟ್ಟಿಕೊಡುತ್ತಾರಂತೆ. ಇವರಿಗೆ ಖುಷಿಯಾಯಿತು. ಪಕ್ಕದ ಮನೆ ಹುಡುಗಿಯ ಪುಸ್ತಕ ತೆಗೆದು ತೋರಿಸಿದೆ. 1938ರ ವಿಮಾ ಕಾಯ್ದೆಯ 41ನೇ ಕಲಂ ಪ್ರಕಾರ ಹೀಗೆ ಕಮಿಷನ್ ಹಂಚಿಕೊಳ್ಳುವುದು ನಿಷಿದ್ಧ. ದಂಡ 10 ಲಕ್ಷ ರೂಪಾಯಿವರೆಗೆ. ಪಾಲಿಸಿ ಕೊಡುವ ಮೊದಲೇ ಕಾನೂನು ಮುರಿಯಲು ಸಿದ್ಧರಾದವರು ಫಾರಂ ತುಂಬುವಾಗ ನಿಯತ್ತಾಗಿ ತುಂಬುತ್ತಾರೆಂದು ನಂಬಲು ನನ್ನಿಂದಾಗದು.

ಅಕ್ಟೋಬರ್ 17, ಶುಕ್ರವಾರ

ಠೇವಣಿ ನವೀಕರಿಸಲು ಬ್ಯಾಂಕಿಗೆ ಹೋದರೆ ಅಲ್ಲೂ ವಿಮೆಯ ಮಾತು. ಹುಡುಗ ವಿನಯವಂತ, ಕುರ್ಚಿ ಎಳೆದು ಕೂರಿಸಿದ. ಬ್ಯಾಂಕು ಎಂದರೆ ನಮ್ಮವರಿಗೆ ಎಲ್ಲಿಲ್ಲದ ನಂಬಿಕೆ. ಅಲ್ಲಿ ಕೊಟ್ಟದ್ದೆಲ್ಲ ಬ್ಯಾಂಕಿನದೇ ಎಂದುಕೊಳ್ಳುತ್ತೇವೆ. ವಿಮೆಯ ವಿಷಯದಲ್ಲಿ ಬ್ಯಾಂಕು ಕಾರ್ಪೊರೇಟ್ ಏಜೆಂಟ್. ಜೀವವಿಮೆ, ಸಾಮಾನ್ಯ ವಿಮೆ, ಆರೋಗ್ಯ ವಿಮೆ, ಒಂದೊಂದು ಬಗೆಯಲ್ಲಿ ಒಂಬತ್ತು ಕಂಪನಿಗಳವರೆಗೆ ಒಪ್ಪಂದ ಮಾಡಿಕೊಳ್ಳಬಹುದು. ಕೌಂಟರಿನಲ್ಲಿ ಕೂತವರೆಲ್ಲ ಮಾರುವಂತಿಲ್ಲ. ತರಬೇತಿ, ಪರೀಕ್ಷೆ ಮುಗಿಸಿ ಪ್ರಮಾಣಪತ್ರ ಪಡೆದ "ನಿರ್ದಿಷ್ಟ ವ್ಯಕ್ತಿ" ಮಾತ್ರ ಮಾರಬೇಕು.

ಅದನ್ನು ಕೇಳಿದೆ. ಹುಡುಗ ಬೇಸರ ಮಾಡಿಕೊಳ್ಳದೆ ಪ್ರಮಾಣಪತ್ರ ತೋರಿಸಿದ. ಆಮೇಲೆ, "ನಿಮಗೆ ಇಲ್ಲಿಂದ ವರ್ಗವಾದರೆ ನಮ್ಮ ಕ್ಲೇಮ್ ಯಾರು ನೋಡ್ತಾರೆ ತಮ್ಮಾ?" ಎಂದೆ. ಆ ಕುರ್ಚಿಗೆ ಬಂದವರು ನೋಡುತ್ತಾರೆ ಎಂದ. ಪ್ರಾಮಾಣಿಕವಾದ ಉತ್ತರ. ಆದರೆ ನನಗೆ ಬೇಕಾದದ್ದು ಕುರ್ಚಿಯಲ್ಲ, ಇವರ ಕಾಯಿಲೆಯ ಕಥೆ ಗೊತ್ತಿರುವ ಒಬ್ಬ ಮನುಷ್ಯ.

ಫೋನಿನಲ್ಲಿ ಪಾಲಿಸಿ ಮಾಡಿಕೊಡುವ ಇನ್ನೊಂದು ವರ್ಗವಿದೆ: ಪಾಯಿಂಟ್ ಆಫ್ ಸೇಲ್ಸ್‌ನವರು. ಅವರಿಗೆ 15 ಗಂಟೆಯ ತರಬೇತಿ, ಸರಳವಾದ ಪಾಲಿಸಿಗಳನ್ನು ಮಾತ್ರ ಮಾರಬಹುದು. ಬೈಕಿನ ವಿಮೆಗೆ ಅವರು ಧಾರಾಳ ಸಾಕು. ಸಕ್ಕರೆ ಕಾಯಿಲೆ ಇರುವವರ ಆರೋಗ್ಯ ವಿಮೆಗೆ ನಾನು ಇನ್ನಷ್ಟು ತಿಳಿದವರನ್ನು ಹುಡುಕುತ್ತೇನೆ.

ಅಕ್ಟೋಬರ್ 22, ಬುಧವಾರ, ಬಲಿಪಾಡ್ಯಮಿ

ಗೋಪೂಜೆ ಮುಗಿಸಿ ಎಲ್ಲರೂ ಜಗುಲಿಯಲ್ಲಿ ಕೂತಿದ್ದೆವು. ಮಗ ಬಂದಿದ್ದಾನೆ. ಭಾವ, ಓರಗಿತ್ತಿ ಅಕ್ಕನೂ ಬಂದಿದ್ದರು. ಭಾವ ಇಳಿದುಹೋಗಿದ್ದಾರೆ. ಹಬ್ಬದ ಊಟ ಮಾಡುವಾಗಲೂ ಬಿಲ್ಲಿನದೇ ಚಿಂತೆ.

ಮಗ ಬ್ರೋಕರ್ ಎಂಬುವರ ವಿಷಯ ತೆಗೆದ. ಬೆಂಗಳೂರಲ್ಲಿ ಅವನ ಸ್ನೇಹಿತರು ಅವರ ಮೂಲಕ ಮಾಡಿಸುತ್ತಾರಂತೆ. "ಏಜೆಂಟ್ ಬೇರೆ, ಬ್ರೋಕರ್ ಬೇರೆ ಏನೋ?" ಎಂದು ಭಾವ ಕೇಳಿದರು. ನಮ್ಮಂಥ ಅಡಿಕೆ ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ: ಅಂಗಳಕ್ಕೇ ಬಂದು ದರ ಹೇಳುವವನು ವ್ಯಾಪಾರಿಯ ಕಡೆಯವನು, ಸೊಸೈಟಿಯಲ್ಲಿ ನಮ್ಮ ಚೀಲ ಇಟ್ಟು ಟೆಂಡರ್ ಕರೆಯುವವರು ನಮ್ಮ ಕಡೆಯವರು. ಇಬ್ಬರೂ ನಮ್ಮ ಹತ್ತಿರ ನಯವಾಗಿಯೇ ಮಾತಾಡಬಹುದು, ಆದರೆ ಬೆಲೆ ಕಟ್ಟುವಾಗ ನಿಲ್ಲುವ ಜಾಗ ಬೇರೆ. ಏಜೆಂಟ್ ಕಾನೂನಿನ ಪ್ರಕಾರ ಕಂಪನಿಯ ಪ್ರತಿನಿಧಿ. ಬ್ರೋಕರ್ ಗ್ರಾಹಕನ ಪ್ರತಿನಿಧಿ. ಬ್ರೋಕರ್ ಸಂಸ್ಥೆಗೆ ಪ್ರಾಧಿಕಾರವೇ ನೇರವಾಗಿ ನೋಂದಣಿ ಕೊಡುತ್ತದೆ, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಲವು ಕಂಪನಿಗಳ ಪಾಲಿಸಿ ಹೋಲಿಸಿ ತೋರಿಸುವ ಹಕ್ಕೂ ಕರ್ತವ್ಯವೂ ಅವರಿಗಿದೆ. ಆದರೆ ಅವರಿಗೂ ಹಣ ಬರುವುದು ವಿಮಾ ಕಂಪನಿಯಿಂದಲೇ ಎಂಬುದನ್ನು ಮರೆಯಬಾರದು.

ಮಗನ ಟರ್ಮ್ ಪಾಲಿಸಿಗೆ ಅದೇ ಸರಿ ಎಂದು ತೀರ್ಮಾನವಾಯಿತು. ಅವನಿಗೆ ಕಾಯಿಲೆಯಿಲ್ಲ, ಸಿಗರೇಟಿಲ್ಲ, ಹೋಲಿಸಿ ನೋಡುವ ತಿಳಿವಳಿಕೆಯಿದೆ. ನೋಂದಣಿ ಸಂಖ್ಯೆಯನ್ನು ಪ್ರಾಧಿಕಾರದ ಜಾಲತಾಣದಲ್ಲಿರುವ ಪಟ್ಟಿಯೊಂದಿಗೆ ತಾಳೆ ನೋಡಿಯೇ ಹಣ ಕಟ್ಟಬೇಕೆಂದು ಹೇಳಿದ್ದೇನೆ. ಏಜೆಂಟರದನ್ನೂ ಹಾಗೆ ನೋಡಬಹುದು: ಅವರ ಪ್ಯಾನ್ ಸಂಖ್ಯೆ ಹಾಕಿದರೆ ಯಾವ ಕಂಪನಿಗೆ ನೇಮಕವಾಗಿದ್ದಾರೆಂದು ಪ್ರಾಧಿಕಾರದ ಏಜೆನ್ಸಿ ಪೋರ್ಟಲ್ ತೋರಿಸುತ್ತದೆ.

ಅಕ್ಕ ಒಳಗೆ ಪಾತ್ರೆ ಎತ್ತಿಡುತ್ತಾ ಒಬ್ಬರ ವಿಷಯ ಹೇಳಿದಳು. ಅವಳ ತವರಿನ ಕಡೆ ಓಡಾಡುವ ಹಿರಿಯ ಏಜೆಂಟರು. ಯಾರ ಮನೆಯಲ್ಲಿ ಸಾವು ನೋವಾದರೂ ಕಾಗದಪತ್ರಕ್ಕೆ ಅವರೇ ಬಂದು ಕೂರುತ್ತಾರಂತೆ. ಭಾನುವಾರ ಬರಹೇಳಿದ್ದೇವೆ.

ಅಕ್ಟೋಬರ್ 26, ಭಾನುವಾರ

ಅವರು ಬಂದರು. ಬಟ್ಟೆಯ ಕೈಚೀಲ, ಅದರಲ್ಲಿ ಎರಡು ನೇಮಕಾತಿ ಪತ್ರ: ಒಂದು ಜೀವವಿಮೆಯದು, ಒಂದು ಆರೋಗ್ಯ ವಿಮೆಯದು. ಕೇಳುವ ಮೊದಲೇ ಮೇಜಿನ ಮೇಲಿಟ್ಟರು. ಇನ್‌ಸ್ಟಿಟ್ಯೂಟಿನ ಅಸೋಸಿಯೇಟ್ ಪರೀಕ್ಷೆ ಮಾಡಿದ್ದಾರೆಂಬುದು ನಾನು ಕೇಳಿದ ಮೇಲೆ ಗೊತ್ತಾಯಿತು.

"ಅಮ್ಮಾ, ಮೊದಲೇ ಹೇಳಿಬಿಡ್ತೇನೆ. ನಾನು ಕಂಪನಿಯ ಏಜೆಂಟ್. ನನ್ನ ಹತ್ತಿರ ಇರೋದು ಇವೆರಡೇ ಕಂಪನಿ. ಬೇರೆಯವರದ್ದೂ ಕೇಳಿ ನೋಡಿ, ಆಮೇಲೆ ನಿಮಗೆ ಸರಿ ಕಂಡರೆ ಮಾಡೋಣ" ಎಂದರು. ಬಂದವರಲ್ಲಿ ತಮ್ಮ ಮಿತಿಯನ್ನು ತಾವಾಗಿಯೇ ಹೇಳಿದವರು ಈ ಹಿರಿಯರೊಬ್ಬರೇ.

ಕಮಿಷನ್ ಎಷ್ಟು ಎಂದು ಕೇಳಿದೆ. ಇವರಿಗೆ ಮುಜುಗರವಾಯಿತು. ಅವರಿಗೆ ಆಗಲಿಲ್ಲ. ಗ್ರಾಹಕ ಕೇಳಿದರೆ ಏಜೆಂಟ್ ಕಮಿಷನ್ ಪ್ರಮಾಣ ಹೇಳಲೇಬೇಕು, ನಿಯಮದಲ್ಲೇ ಇದೆ ಎಂದು ಹೇಳಿ ಕಾಗದದ ಮೇಲೆ ಬರೆದೇ ತೋರಿಸಿದರು.

ಆಮೇಲೆ ಪ್ರಪೋಸಲ್ ಫಾರಂ ತೆಗೆದರು. ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿ, ಇವರ ಉತ್ತರ ಕೇಳಿ, ಬರೆದದ್ದನ್ನು ಮತ್ತೆ ಓದಿ ಹೇಳಿದರು. ಸಕ್ಕರೆ ಯಾವ ವರ್ಷದಿಂದ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಕಾಲು ಜೋಮು ಹಿಡಿಯುತ್ತದೆಯೇ, ಕಣ್ಣು ತೋರಿಸಿದ್ದೀರಾ? ನನ್ನ ಹಳೆಯ ಗರ್ಭಕೋಶದ ಆಪರೇಷನ್ನಿನ ಡಿಸ್‌ಚಾರ್ಜ್ ಸಮ್ಮರಿಯನ್ನೂ ಹುಡುಕಿಸಿದರು. "ಇಷ್ಟೆಲ್ಲ ಬರೆದರೆ ಕಂತು ಜಾಸ್ತಿ ಆಗಲ್ವಾ?" ಎಂದು ಇವರು ಕೇಳಿದರು. "ಆಗಬಹುದು. ಬೇಡ ಅಂತ ಕಂಪನಿ ತಿರಸ್ಕರಿಸಲೂಬಹುದು. ಈಗ ಬೇಡ ಅಂದರೆ ಬೇರೆ ಕಡೆ ನೋಡೋಣ. ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಬೇಡ ಅಂದರೆ ಎಲ್ಲಿಗೆ ಹೋಗ್ತೀರಿ?" ಎಂದರು. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳು ಕಾಯಬೇಕಾಗಬಹುದು ಎಂಬುದನ್ನೂ ಮುಚ್ಚಿಡದೆ ಹೇಳಿದರು.

ಭಾವ ತಮ್ಮ ಫೈಲು ತಂದಿದ್ದರು. ಹಿರಿಯರು ಕನ್ನಡಕ ಒರೆಸಿಕೊಂಡು ಪುಟ ತಿರುವಿದರು. ಪಾಲಿಸಿ 2019ರ ಆಗಸ್ಟಿನದು, ಒಂದು ವರ್ಷವೂ ತಪ್ಪದೆ ನವೀಕರಿಸಿದ್ದು. "ರಾಯರೇ, ಇದಕ್ಕೆ 60 ತಿಂಗಳು ಮುಗಿದಿದೆಯಲ್ಲ!" ಎಂದರು. 2024ರ ಏಪ್ರಿಲಿನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ 60 ತಿಂಗಳು ಸತತವಾಗಿ ನಡೆದ ಆರೋಗ್ಯ ವಿಮೆಯಲ್ಲಿ, ವಂಚನೆ ಸಾಬೀತಾದ ಹೊರತು, ಮಾಹಿತಿ ತಿಳಿಸಿಲ್ಲವೆಂಬ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ. ಮೊದಲು ಅದು ಎಂಟು ವರ್ಷವಿತ್ತು. ನಡುವೆ ವಿಮಾ ಮೊತ್ತ ಏರಿಸಿದ್ದರೆ ಏರಿಸಿದ ಭಾಗಕ್ಕೆ ಲೆಕ್ಕ ಅಲ್ಲಿಂದ ಶುರು. ಭಾವ ಏರಿಸಿಲ್ಲ.

ಇನ್ನೊಂದನ್ನೂ ತೋರಿಸಿದರು. ಫಾರಂ ಇಂಗ್ಲಿಷಿನಲ್ಲಿದೆ, ಭಾವನ ಸಹಿ ಕನ್ನಡದಲ್ಲಿದೆ. ಅದರ ಕೆಳಗೆ "ಪ್ರಶ್ನೆಗಳನ್ನು ಅರ್ಜಿದಾರರ ಭಾಷೆಯಲ್ಲಿ ವಿವರಿಸಿದ್ದೇನೆ" ಎಂಬ ಘೋಷಣೆಗೆ ಆ ಏಜೆಂಟನ ಸಹಿ. ಅದನ್ನೂ ಪತ್ರದಲ್ಲಿ ಕಾಣಿಸಿ ಎಂದರು.

ಈ ಪಾಲಿಸಿ ಅವರು ಮಾಡಿಸಿದ್ದಲ್ಲ, ಅವರಿಗೆ ಇದರಿಂದ ಒಂದು ರೂಪಾಯಿಯೂ ಇಲ್ಲ. ಆದರೂ ಕತ್ತಲಾಗುವವರೆಗೆ ಕೂತು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆಸಿದರು. ಭಾವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು ಕಂಡೆ. ಓದು ಎಂದರೆ ಇದು. ಆ ನಿಯಮ ತಿಳಿಯದ ಹತ್ತು ಜನ ಬಂದು ಸಮಾಧಾನ ಹೇಳಿ ಹೋಗಿದ್ದರು. ತಿಳಿದ ಒಬ್ಬರು ದಾರಿ ತೋರಿಸಿದರು.

ಅಕ್ಟೋಬರ್ 30, ಗುರುವಾರ

ಅಡಿಕೆ ಕೊಯ್ಯುವ ಕೊನೆಗೌಡ ಬಂದಿದ್ದ, ಕೊಯ್ಲು ಯಾವಾಗ ಶುರು ಮಾಡುವುದೆಂದು ಕೇಳಲು. ದಿನವಿಡೀ ಮರದಿಂದ ಮರಕ್ಕೆ ದಾಟುವ ಜೀವ. ಮಳೆಗೆ ಮರವೆಲ್ಲ ಜಾರುತ್ತಿದೆ. ಅವನಿಗೆ ಏನಾದರೂ ವಿಮೆ ಇದೆಯೇ ಎಂದರೆ ಇಲ್ಲ.

ಹಿರಿಯ ಏಜೆಂಟರಿಗೆ ಫೋನ್ ಮಾಡಿದೆ. "ಅವನಿಗೆ ಮೊದಲು ನಾನು ಬೇಡಮ್ಮ, ಬ್ಯಾಂಕಿಗೆ ಕಳಿಸಿ" ಎಂದರು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ. ಜೀವನ ಜ್ಯೋತಿಗೆ 436 ರೂಪಾಯಿ, ಯಾವ ಕಾರಣದಿಂದ ಸಾವಾದರೂ 2 ಲಕ್ಷ. ಮೊದಲನೆಯದಕ್ಕೆ 70 ವರ್ಷದವರೆಗೆ, ಎರಡನೆಯದಕ್ಕೆ 50ರೊಳಗೆ ಸೇರಬಹುದು. ಖಾತೆಯಿದ್ದರೆ ಸಾಕು, ಏಜೆಂಟ್ ಬೇಡ.

ಅದರ ಮೇಲೆ ದೊಡ್ಡ ಮೊತ್ತದ ಅಪಘಾತ ವಿಮೆ ಬೇಕಾದರೆ ಉದ್ಯೋಗದ ಕಾಲಂನಲ್ಲಿ ಬರೀ "ಕೃಷಿ" ಎಂದು ಬರೆಸಬೇಡಿ, "ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೆಲಸ" ಎಂದೇ ಬರೆಸಿ ಎಂದರು. ಅಂಥ ವಿಮೆಯಲ್ಲಿ ಕೆಲಸದ ಅಪಾಯ ನೋಡಿ ಕಂತು ನಿಗದಿ ಮಾಡುತ್ತಾರೆ. ತಪ್ಪು ಬರೆದು ಉಳಿಸಿದ ದುಡ್ಡು ಬಿದ್ದ ದಿನ ಮುಳುವಾಗುತ್ತದೆ. ತಮಗೆ ಕಮಿಷನ್ ಸಿಗದ ಕಡೆಗೆ ಕಳಿಸಿದರಲ್ಲ, ಇದು ಯಾವ ಕಾರ್ಡಿನಲ್ಲೂ ಅಚ್ಚಾಗದ ಅರ್ಹತೆ. ನಾಳೆ ಕೊನೆಗೌಡನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುವಂತೆ ಇವರಿಗೆ ಹೇಳಿದ್ದೇನೆ. ಕಂತು ನಾವೇ ಕೊಡುವುದು ನ್ಯಾಯ.

ನವೆಂಬರ್ 11, ಮಂಗಳವಾರ

ನಮ್ಮ ಪಾಲಿಸಿ ಬಂತು. ಸಕ್ಕರೆ ಕಾಯಿಲೆಗೆ ಸ್ವಲ್ಪ ಹೆಚ್ಚಿನ ಕಂತು ಹಾಕಿದ್ದಾರೆ, ಕೊಟ್ಟೆವು. ಜೊತೆಗಿದ್ದ ಪ್ರಪೋಸಲ್ ಫಾರಂನ ಪ್ರತಿಯನ್ನು ಸಾಲುಸಾಲಾಗಿ ಓದಿದೆ. ನಾವು ಹೇಳಿದ್ದೇ ಇದೆ. ಇಷ್ಟವಾಗದಿದ್ದರೆ ಹಿಂದಿರುಗಿಸಲು 30 ದಿನ ಸಮಯವಿದೆ. ಎರಡು ಪುಟದ ಗ್ರಾಹಕ ಮಾಹಿತಿ ಹಾಳೆಯನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಿದ್ದೇನೆ.

ಮಗನ ಟರ್ಮ್ ಪಾಲಿಸಿಯೂ ಆಯಿತು. ಜೀವವಿಮೆಯಲ್ಲಿ ಮೂರು ವರ್ಷ ದಾಟಿದ ಮೇಲೆ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ ಎಂಬ 45ನೇ ಕಲಂ ಅವನಿಗೂ ಗೊತ್ತಿರಲಿ ಎಂದು ಬರೆದು ಕಳಿಸಿದೆ. ಅದನ್ನು ನೆಚ್ಚಿ ಸುಳ್ಳು ಬರೆಯಬಾರದು ಎಂಬುದನ್ನೂ ಸೇರಿಸಿದೆ.

ಅಕ್ಕನ ತಂಗಿಗೆ ವಿಮೆ ಮಾಡಿಸಬೇಕಂತೆ. ಏನು ಕೇಳಬೇಕೆಂದು ಫೋನ್ ಮಾಡಿದ್ದಳು. ಹೇಳಿದ್ದನ್ನು ಇಲ್ಲೂ ಬರೆದಿಡುತ್ತೇನೆ.

ನೀವು ಏಜೆಂಟೋ, ಬ್ಯಾಂಕಿನವರೋ, ಬ್ರೋಕರೋ? ನೇಮಕಾತಿ ಪತ್ರ ಅಥವಾ ನೋಂದಣಿ ಸಂಖ್ಯೆ ತೋರಿಸಿ. ಯಾವ ಯಾವ ಕಂಪನಿಯದು ನಿಮ್ಮಲ್ಲಿದೆ? ಬಿರುದುಗಳಲ್ಲಿ ಓದಿ ಪಡೆದದ್ದು ಯಾವುದು, ಮಾರಿ ಪಡೆದದ್ದು ಯಾವುದು? ನಿಮಗೆ ಕಮಿಷನ್ ಎಷ್ಟು? ಹೋದ ವರ್ಷ ಯಾರ ಕ್ಲೇಮಿಗೆ ಓಡಾಡಿದ್ದೀರಿ, ಅವರನ್ನು ಕೇಳಬಹುದೇ? ಇಷ್ಟಕ್ಕೂ ಬೇಸರಿಸದೆ ಉತ್ತರಿಸಿದವರ ಮುಂದೆ ಫಾರಂ ಬಿಡಿಸಲಿ. ಕಾಯಿಲೆಯ ಕಾಲಂ ಬಂದಾಗ ಅವರ ಪೆನ್ನು ನಿಲ್ಲುತ್ತದೆಯೋ, ಹಾರಿಹೋಗುತ್ತದೆಯೋ ಗಮನಿಸಲಿ. ಹಾರಿದರೆ ಫಾರಂ ವಾಪಸ್ ತೆಗೆದುಕೊಳ್ಳಲಿ, ಅವರು ಎಷ್ಟೇ ಹತ್ತಿರದ ನೆಂಟರಾಗಿರಲಿ.

ಭಾವನ ಪತ್ರ ಕಂಪನಿಗೆ ತಲುಪಿದೆ, ಸ್ವೀಕೃತಿಯೂ ಬಂದಿದೆ. ತಿಂಗಳೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ನ್ಯಾಯವಲ್ಲ ಅನಿಸಿದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ, ಶುಲ್ಕವಿಲ್ಲ, ವಕೀಲರೂ ಬೇಡ. ದೂರಿನ ಕರಡನ್ನು ಹಿರಿಯರು ಈಗಲೇ ಬರೆದುಕೊಟ್ಟಿದ್ದಾರೆ. ದಾಖಲೆಗಳ ಜೆರಾಕ್ಸ್ ಮಾಡಿಸುವುದು ನನ್ನ ಪಾಲಿನ ಕೆಲಸ.